ಗುಬ್ಬಿಗೆ ಹಾಲು ಕೊಡಬೇಡ ಅಜ್ಜಿ

ಅಜ್ಜಿ,

ನಾನು ಲಾಂಡ್ರಿ ಕೆಲಸಕ್ಕೆ ಹೊರಟೆ. ಈ ಚೀಟಿಯನ್ನು ಬೇಕೆಂದೇ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಇಟ್ಟಿದ್ದೇನೆ.

ಇವತ್ತು ಗುಬ್ಬಿಯ ಹೊಟ್ಟೆಯ ಸ್ಕ್ಯಾನ್ ಮುಗಿಯುವ ತನಕ ಅವಳಿಗೆ ನೀರು ಬಿಟ್ಟು ಏನೂ ಕೊಡಬೇಡ. ಹೋದ ಸಲ ನೀನು, "ಎಳೇ ಮಗು, ಅರ್ಧ ಲೋಟ ಹಾಲಿಗೆ ಏನಾಗುತ್ತೆ?" ಎಂದು ಕುಡಿಸಿಬಿಟ್ಟೆ. ಹೊಟ್ಟೆಗೆ ಏನಾದರೂ ಬಿದ್ದರೆ ಪಿತ್ತಕೋಶ ಮುದುಡಿಕೊಳ್ಳುತ್ತದೆ, ಒಳಗೆ ಕಲ್ಲಿದ್ದರೂ ಸರಿಯಾಗಿ ಕಾಣುವುದಿಲ್ಲ ಎಂದು ಸ್ಕ್ಯಾನ್ ಮಾಡುವವರು ವಾಪಸು ಕಳಿಸಿದರು. ನಿನ್ನ ಎಳೇ ಮಗುವಿಗೆ ಹದಿಮೂರು ತುಂಬಿತು, ಅಜ್ಜಿ!

ಅವಳು ಮುಖ ಸಣ್ಣದು ಮಾಡಿದರೆ ನೀನು ಕರಗಿಹೋಗುತ್ತೀಯ. ಆಗ ಬಾಲ್ಕನಿಗೆ ಹೋಗಿ ನಿಂತುಕೋ. ನೀನು ಮಾತ್ರ ತಿಂಡಿ ತಿಂದೇ ಮಾತ್ರೆ ತೆಗೆದುಕೋ, ಅವಳ ಜೊತೆ ಉಪವಾಸ ಕೂರಬೇಡ.

ಡಾಕ್ಟರಮ್ಮ ಕೇಳಿದರೆ, ಕರಿದದ್ದು ತಿಂದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬರುತ್ತದೆ, ವಾಂತಿಯಾಗುತ್ತದೆ ಎಂದು ಹೇಳು. ಗ್ಯಾಸ್ ಎನ್ನಬೇಡ. ಶಾಲೆ ತಪ್ಪಿಸುವ ನಾಟಕ ಎಂದು ಅಪ್ಪ ಹೇಳಿದ್ದನ್ನಂತೂ ಎತ್ತಲೇಬೇಡ. ಭಾನುವಾರವೂ ನರಳುವವಳು ಯಾವ ಶಾಲೆ ತಪ್ಪಿಸುತ್ತಾಳೆ?

ಕಲ್ಲಿದ್ದರೆ ತೆಗೆಯಬಹುದು, ಆಮೇಲೆ ಮೊದಲಿನ ಹಾಗೇ ಓಡಾಡುತ್ತಾಳೆ ಎಂದು ಡಾಕ್ಟರಮ್ಮ ಹೇಳಿದ್ದಾರಲ್ಲ, ನನಗೆ ಆ ಧೈರ್ಯವಿದೆ. ಆದರೆ ನಿನ್ನೆ ತಲೆ ಬಾಚುವಾಗ ಗುಬ್ಬಿ, "ಅಕ್ಕಾ, ಕಲ್ಲು ಇದ್ರೇನೇ ಒಳ್ಳೇದು ಅಲ್ವಾ? ಆಗ ಎಲ್ರೂ ನಂಬ್ತಾರೆ" ಎಂದಳು. ನಾನು ಜಡೆ ಹೆಣೆದು ರಿಬ್ಬನ್ ಕಟ್ಟಿದೆ.

ಅವಳು ಒಳಗೆ ಹೋಗುವ ಮುಂಚೆ ನೀನೇ ಹೇಳು: ಕಲ್ಲು ಕಾಣಲಿ ಬಿಡಲಿ, ಅಕ್ಕ ಮೊದಲ ದಿನದಿಂದಲೇ ನಂಬಿದ್ದಾಳೆ.