ಸ್ತನದ ಭಾರಕ್ಕೆ ಸೌಂದರ್ಯವೆಂದು ಹೆಸರಿಟ್ಟವರಿಗೆ

ಕಾರ್ಮಿಕರ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಸ್ತನದ ಗಾತ್ರ ಇಳಿಸುವ ಶಸ್ತ್ರಚಿಕಿತ್ಸೆಗೆ ನಾನು ಕೊಟ್ಟ ಅರ್ಜಿಯನ್ನು ತಮ್ಮ ಮಂಡಳಿ ಎರಡನೇ ಸಲವೂ ತಳ್ಳಿಹಾಕಿದೆ. ಕಾರಣ, 'ಸೌಂದರ್ಯವರ್ಧನೆ'. ನಲವತ್ತು ದಾಟಿದ, ಎರಡು ಹೆತ್ತ, ಹಗಲಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿರುವ ನಾನು ಇನ್ನೂ ಸುಂದರಿಯಾಗಬಲ್ಲೆನೆಂದು ನಂಬಿದ ಮೊದಲ ಕಚೇರಿ ತಮ್ಮದು. ನನ್ನ ಗಂಡನಿಗೂ ಇಷ್ಟು ಧೈರ್ಯ ಬಂದಿರಲಿಲ್ಲ.

ನಾನು ದುಡಿಯುವುದು ಹೆಂಗಸರ ಒಳಉಡುಪಿನ ಕಾರ್ಖಾನೆಯಲ್ಲಿ. ಅಲ್ಲಿ ತಯಾರಾಗುವ ಯಾವ ಅಳತೆಯ ಬ್ರಾ ಕೂಡ ನನಗಾಗುವುದಿಲ್ಲ. ಪಕ್ಕದ ಯಂತ್ರದ ಅಕ್ಕ ಊಟದ ಬಿಡುವಿನಲ್ಲಿ ಎರಡನ್ನು ಬಿಚ್ಚಿ ಒಂದು ಮಾಡಿ ಕೊಡುತ್ತಾಳೆ. "ಇದು ಬ್ರಾ ಅಲ್ಲ ಕಣೇ, ಅವಳಿ ತೊಟ್ಟಿಲು" ಎಂದು ನಗಿಸುತ್ತಾಳೆ. ನಾನೂ ನಗುತ್ತೇನೆ. ಆದರೆ ಪಟ್ಟಿ ಕೊರೆದು ಹೆಗಲಲ್ಲಿ ಬೆರಳು ಕೂರುವಷ್ಟು ಗುಳಿ ಬಿದ್ದಿದೆ, ಸ್ತನದಡಿಯ ಚರ್ಮ ಬೆವರಿಗೆ ಸದಾ ಹಸಿಗಾಯ. ಕುತ್ತಿಗೆಯಿಂದ ಹೊರಟ ಜೋಮು ಈಗ ಕಿರುಬೆರಳಿಗೆ ಇಳಿದಿದೆ. ಬಟ್ಟೆ ಹಿಡಿದಿದ್ದೇನೋ ಬಿಟ್ಟಿದ್ದೇನೋ ತಿಳಿಯದೆ ಸೂಜಿಯಡಿ ಬೆರಳು ಕೊಟ್ಟದ್ದೂ ಆಯಿತು. "ಕೈ ಹೀಗೇ ಇದ್ರೆ ಮುಂದಿನ ತಿಂಗಳಿಂದ ಮಷೀನ್ ಕೊಡೋಕಾಗಲ್ಲಕ್ಕಾ" ಎಂದು ಮೇಲ್ವಿಚಾರಕ ಹೇಳಿದ್ದಾನೆ. ಪಾಪ, ಅವನಿಗೂ ಮೇಲಿನವರಿದ್ದಾರೆ.

ಮೊದಲ ಸಲ ತಮ್ಮವರು ತೂಕ ಇಳಿಸಿಕೊಂಡು ಬಾ ಎಂದರು. ಇಳಿಸಿದೆ ಸ್ವಾಮಿ. ಕೆನ್ನೆ ಇಳಿಯಿತು, ತೋಳು ಇಳಿಯಿತು, ಉಂಗುರ ಬೆರಳಲ್ಲಿ ನಿಲ್ಲದಾಯಿತು. ಇಳಿಯಬೇಕಾದವು ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಎರಡನೇ ಸಲ ತಮ್ಮ ವೈದ್ಯರು ಮೇಜಿನಾಚೆಯಿಂದಲೇ, "ತೂಕ ಸರಿಯಾಗಿದೆಯಲ್ಲಮ್ಮ, ಇನ್ನೇನು ತೊಂದ್ರೆ? ದೇವರು ಕೊಟ್ಟಿದ್ದನ್ನ ಯಾಕೆ ಕತ್ತರಿಸ್ಕೋತೀರಾ?" ಎಂದರು. ದೇವರೇ ಕೊಟ್ಟ ಕಣ್ಣಿನ ಪೊರೆ ತೆಗೆಯುವಾಗ ತಾವು ಯಾರ ಅಪ್ಪಣೆ ಕೇಳುತ್ತೀರಿ? ದಪ್ಪಗಿದ್ದರೆ ನನ್ನದು ಕೊಬ್ಬು, ಸಣ್ಣಗಾದರೆ ಶೋಕಿ. ಎಷ್ಟು ತೂಗಿದರೆ ನನ್ನ ನೋವು ನೋವೆನಿಸೀತು? ಹೆಗಲಿನ ಗುಳಿಯನ್ನಾದರೂ ತೋರಿಸೋಣವೆಂದು ಸೆರಗು ಸರಿಸಿದರೆ, "ಬೇಡಮ್ಮಾ, ಬೇಡಮ್ಮಾ" ಎಂದು ಗೋಡೆ ಕಡೆ ತಿರುಗಿಬಿಟ್ಟರು. ಗೋಡೆ ನೋಡುತ್ತಲೇ 'ಪರೀಕ್ಷಿಸಲಾಗಿದೆ' ಎಂದು ಬರೆದರು.

ಮನೆಯಲ್ಲೂ ಇದೇ ಕತೆ. "ಹೆಂಗಸಿಗೆ ಅದೇ ಲಕ್ಷಣ" ಎನ್ನುತ್ತಾರೆ ಅತ್ತೆ. "ಜನ ಏನಂತಾರೆ?" ಎನ್ನುತ್ತಾನೆ ಗಂಡ. ಜನ ಏನನ್ನುತ್ತಾರೆಂದು ಬಸ್ ನಿಲ್ದಾಣದಲ್ಲಿ ನಾನು ಶಾಲೆಯ ದಿನಗಳಿಂದ ಕೇಳಿಸಿಕೊಂಡಿದ್ದೇನೆ. ಹೊರಗೆ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಶಕ್ತಿ ನನಗಿಲ್ಲ. ಯಾರ ಹತ್ತಿರ ಹೋಗಲಿ? ನನಗೆ ಸಾಕಾಗಿದೆ.

ಆದ್ದರಿಂದ, ಒಬ್ಬ ವೈದ್ಯೆಯಿಂದ ನನ್ನನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಅದೂ ಆಗದೆಂದರೆ, 'ನೋವಿದೆ, ಆದರೂ ಕೊಡುವುದಿಲ್ಲ' ಎಂದು ಬರೆದು ತಮ್ಮ ಸಹಿ ಹಾಕಿ ಕಳಿಸಿ. ಅದರಿಂದ ನನ್ನ ಕೈ ಸರಿಹೋಗದು, ಗೊತ್ತು. ಆದರೂ ನನ್ನನ್ನು ಒಬ್ಬರಾದರೂ ನಂಬಿದರು ಎಂದುಕೊಳ್ಳುತ್ತೇನೆ.

ಇಂತಿ,
ಮುಂದಿನ ತಿಂಗಳವರೆಗೆ ಹೊಲಿಗೆಯವಳಾಗಿರುವ
ತಮ್ಮ ಅರ್ಜಿದಾರಳು