ಎರಡನೇ ಕ್ಲಾರಿನೆಟ್ಟಿನ ಹೆಸರು

೧೧ ಅಕ್ಟೋಬರ್ ೨೦೦೬, ಬುಧವಾರ

ರಿಹರ್ಸಲ್‌ಗೆ ಹತ್ತು ನಿಮಿಷ ಲೇಟು. ಆಫೀಸಿನಲ್ಲಿ ಎಂಜಿನ್ ಡ್ರಾಯಿಂಗ್ ಮತ್ತೆ ವಾಪಸ್ ಬಂತು. ಟ್ರೋಲ್‌ಹೆಟ್ಟನ್ ಎಂಬ ಈ ಸ್ವೀಡಿಷ್ ಊರಿನ ನಮ್ಮ ಬ್ಯಾಂಡಿನಲ್ಲಿ ಲೇಟಾದರೆ ಯಾರೂ ಬೈಯುವುದಿಲ್ಲ. ಸುಮ್ಮನೆ ಗಡಿಯಾರ ನೋಡುತ್ತಾರೆ. ಬೈದಿದ್ದರೇ ವಾಸಿ.

ಫೀಕಾ ಅನ್ನುವ ಕಾಫಿ ಬಿಡುವಿನಲ್ಲಿ, ಕಪ್ ಕೈಯಲ್ಲಿ ಹಿಡಿದು, ಲೆನ್ನಾರ್ಟ್‌ನನ್ನು ಕೇಳಿಯೇಬಿಟ್ಟೆ. ಬ್ಯಾಂಡ್ ನಡೆಸುವವನೂ ಅವನೇ, ಹೊಸ ಪೀಸ್ ಬರೆಯುವವನೂ ಅವನೇ. ಅಪ್ಪ ಹೋಗಿ ಜನವರಿಗೆ ಒಂದು ವರ್ಷ. ಅವರೂ ಬ್ಯಾಂಡಿನವರು, ಅವರ ನೆನಪಿಗೆ ನಮ್ಮ ಬ್ಯಾಂಡಿಗೆ ಒಂದು ಪೀಸ್ ಬರೆದುಕೊಡಿ, ಖರ್ಚು ನನ್ನದು ಅಂದೆ. ಒಪ್ಪಿದ. "ಮನೇಲಿ ಅವರು ಏನು ನುಡಿಸ್ತಿದ್ರು?" ಎಂದು ಕೇಳಿದ.

ಹೇಳಿದೆ. ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಎರಡನೇ ಕ್ಲಾರಿನೆಟ್, ಮೂವತ್ತೊಂದು ವರ್ಷ. ಮುಖ್ಯ ಟ್ಯೂನ್ ಯಾವತ್ತೂ ಮೊದಲನೆಯವರದ್ದು. ಅಪ್ಪ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದದ್ದು ತಮ್ಮ ಪಾರ್ಟ್ ಮಾತ್ರ. ನನಗೂ ಅಕ್ಕ ಪದ್ಮಿನಿಗೂ ಎಲ್ಲ ಮಾರ್ಚ್‌ಗಳೂ ಅಷ್ಟೇ ಗೊತ್ತಿದ್ದದ್ದು. ಪರೇಡಿನಲ್ಲಿ ಪೂರ್ತಿ ಬ್ಯಾಂಡ್ ಕೇಳಿದಾಗ, ಅಪ್ಪ ನುಡಿಸುವಾಗ ಉಳಿದವರು ಯಾಕೆ ಗಲಾಟೆ ಮಾಡುತ್ತಾರೆ ಅಂತ ಸಿಟ್ಟು ಬಂದಿತ್ತು. ಲೆನ್ನಾರ್ಟ್ ನಕ್ಕ. ಆಮೇಲೆ ಪೆನ್ಸಿಲ್ ತೆಗೆದು ಬರೆದುಕೊಂಡ.

ಕಾರ್ಯಕ್ರಮದ ಚೀಟಿಯಲ್ಲಿ ಬ್ಯಾಂಡ್ ಮಾಸ್ಟರ್ ಹೆಸರೊಂದೇ ಇರುತ್ತಿತ್ತು. ಅಪ್ಪನ ಹೆಸರನ್ನು ಯಾವ ಹಾಲ್‌ನಲ್ಲೂ ಯಾರೂ ಹೇಳಿದ್ದಿಲ್ಲ. ಒಂದು ಸಲ ಹೇಳಿಸಬೇಕು. ಅಮ್ಮ ಕೂತು ಕೇಳಬೇಕು. ಇಷ್ಟೇ ಆಸೆ.

೨೯ ನವೆಂಬರ್

ಕಮಿಟಿ ಮೀಟಿಂಗ್. ಮೀಟಿಂಗ್ ಇಲ್ಲದೆ ಇಲ್ಲಿ ಕಾಫಿ ಫಿಲ್ಟರ್ ಕೂಡ ಕೊಳ್ಳುವುದಿಲ್ಲ. ಪೀಸ್‌ಗೆ ಓಕೆ, ಮೇ ತಿಂಗಳ ಕಾನ್ಸರ್ಟಿಗೆ. "ನಿಮ್ಮ ತಂದೆಯ ಹೆಸರು ಅನೌನ್ಸ್ ಮಾಡೋಣವಾ?" ಎಂದು ಲೆನ್ನಾರ್ಟ್ ಎಲ್ಲರೆದುರು ಕೇಳಿದ. ಸಂಕೋಚವಾಯಿತು. ಅಯ್ಯೋ, ಅದೆಲ್ಲ ಯಾಕೆ, ಬೇಡ ಅಂದೆ. ಯಾರಾದರೂ, ಛೆ, ಹಾಗಂದರೆ ಹೇಗೆ ಅಂತ ಒತ್ತಾಯ ಮಾಡಬೇಕಲ್ಲ! ಮಾಡಲಿಲ್ಲ. ಸೆಕ್ರೆಟರಿ 'ಬೇಡ' ಅಂತ ಬರೆದುಕೊಂಡಳು. ಮುಂದಿನ ವಿಷಯ, ಕುರ್ಚಿಗಳು.

ಮನೆಗೆ ಬಂದು ಗಂಡ ರಾಘವ್ ಎದುರು ಅತ್ತುಬಿಟ್ಟೆ. ಅವನು ಬಿದ್ದು ಬಿದ್ದು ನಕ್ಕ. "ಮದುವೆ ಮನೇಲಿ ಇನ್ನೊಂದು ಹೋಳಿಗೆ ಬೇಡ ಅಂದಹಾಗೆ ಅಂದ್ಯಾ? ಇಲ್ಲಿ ಬೇಡ ಅಂದ್ರೆ ಬೇಡಾನೇ ಕಣೇ. ಈಗ್ಲೇ ಮೇಲ್ ಮಾಡು." ಪಕ್ಕದಲ್ಲಿ ಕೂತು ನನ್ನ ಸ್ವೀಡಿಷ್ ತಿದ್ದಿಕೊಟ್ಟ. ಅಪ್ಪನ ಹೆಸರು ಬೇಕು, ಶಿವಕುಮಾರ, ದೊಡ್ಡದಾಗಿ ಹೇಳಬೇಕು. ಲೆನ್ನಾರ್ಟ್‌ನಿಂದ ಒಂದೇ ಪದದ ಉತ್ತರ: ಖಂಡಿತ.

೨೧ ಜನವರಿ ೨೦೦೭, ಮೈಸೂರು

ವರ್ಷದ ಕಾರ್ಯ ಮುಗಿಯಿತು. ಅಮ್ಮನ ವೀಸಾ ಪೇಪರ್‌ಗಳೂ ರೆಡಿ. ಅಲ್ಲಿಂದ ರಾಘವ್ ಫೋನ್ ಮಾಡಿದ್ದ. ನಮ್ಮ ಟ್ಯೂಬಾ ನುಡಿಸುವ ಸ್ವೆನ್-ಎರಿಕ್ ತೀರಿಕೊಂಡನೆಂದು ಲೆನ್ನಾರ್ಟ್ ಮನೆಗೆ ಫೋನ್ ಮಾಡಿ ಹೇಳಿದನಂತೆ. ನಲವತ್ತು ವರ್ಷ ಬ್ಯಾಂಡಿನಲ್ಲಿದ್ದವನು. ಪಾಪ. "ಲೆನ್ನಾರ್ಟ್ ಬೇರೇನಾದ್ರೂ ಅಂದ್ನಾ?" ಅಂದೆ. "ಏನಿಲ್ಲ" ಅಂದ.

೧೪ ಮಾರ್ಚ್

ಪೀಸ್ ಬಂತು! ಹೆಸರು 'ಬೆಳಗಿನ ಪಾಳಿ'. ಲೆನ್ನಾರ್ಟ್ ಮುಖ್ಯ ಟ್ಯೂನ್ ಯಾರಿಗೂ ಕೊಟ್ಟಿಲ್ಲ. ಎರಡನೇ ಕ್ಲಾರಿನೆಟ್ ತನ್ನ ಪಾಡಿಗೆ ಹೋಗುತ್ತಿರುತ್ತದೆ, ಉಳಿದವರು ಅದರ ಸುತ್ತ ಮೆಲ್ಲಗೆ. ಇಲ್ಲಿ ಎರಡನೇ ಕ್ಲಾರಿನೆಟ್ ನಾನು, ನನ್ನದೇ ಪಾರ್ಟ್. ಅಪ್ಪನ ಪಾರ್ಟ್. ಮೊದಲ ಸಲ ನುಡಿಸುವಾಗ ಉಸಿರು ಸಾಲಲಿಲ್ಲ.

ಸ್ವೆನ್-ಎರಿಕ್‌ನ ಹೆಂಡತಿ ಕೇಕ್ ತಂದಿದ್ದರು. ನನ್ನ ಎರಡೂ ಕೈ ಹಿಡಿದು, "ನಿಮ್ಮದು ದೊಡ್ಡ ಮನಸ್ಸು" ಅಂದರು. ನಾನು ಕಳಿಸಿದ ಒಂದು ಸಂತಾಪದ ಕಾರ್ಡ್‌ಗೆ ಇಷ್ಟೊಂದಾ!

೨೮ ಏಪ್ರಿಲ್

ಅಮ್ಮ ಬಂದಳು. ಸೀರೆ, ಮೇಲೆ ನನ್ನ ಜಾಕೆಟ್, ಕಾಲಿಗೆ ರಾಘವ್‌ನ ಸಾಕ್ಸ್. ಕಾನ್ಸರ್ಟಿಗೆ ಅಂತ ಮೈಸೂರು ಸಿಲ್ಕ್ ಬೇರೆಯೇ ಇಟ್ಟಿದ್ದಾಳೆ. "ಹೆಸರು ಹೇಳಿದಾಗ ನಾನು ಎದ್ದು ನಿಂತ್ಕೋಬೇಕಾ?" ಎಂದು ಮೂರು ಸಲ ಕೇಳಿದಳು. ಕೂತಿರು, ಸಾಕು ಅಂದೆ.

೧೨ ಮೇ, ಶನಿವಾರ

ಬರೆಯಲೇಬೇಕು.

ಲೆನ್ನಾರ್ಟ್ ಮೈಕ್ ಹಿಡಿದ. "ಮುಂದಿನ ಪೀಸ್, ನಮ್ಮನ್ನಗಲಿದ ಗೆಳೆಯ ಸ್ವೆನ್-ಎರಿಕ್‌ನ ನೆನಪಿಗೆ." ಮೊದಲ ಸಾಲಿನಲ್ಲಿ ಅವನ ಹೆಂಡತಿ ಎದ್ದು ನಿಂತರು. ಚಪ್ಪಾಳೆ. ಅಪ್ಪನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಾದೆ… ಲೆನ್ನಾರ್ಟ್ ನಮ್ಮ ಕಡೆ ತಿರುಗಿ ಕೈ ಎತ್ತಿದ. ಮೂರನೇ ಸಾಲಿನಲ್ಲಿ ರಾಘವ್ ಅಮ್ಮನ ಕಿವಿಯಲ್ಲಿ ಏನೋ ಹೇಳಿದ. ಅಮ್ಮ ಕೂತಲ್ಲೇ ಕೈ ಮುಗಿದಳು.

ನುಡಿಸಿದೆ. ಒಂದು ಸ್ವರವೂ ತಪ್ಪಲಿಲ್ಲ. ಅದಕ್ಕೇ ನನ್ನ ಮೇಲೆ ನನಗೆ ಅಸಹ್ಯ.

ಇಂಟರ್ವಲ್‌ನಲ್ಲಿ ಲೆನ್ನಾರ್ಟ್‌ನನ್ನು ಹಿಡಿದೆ. ಅವನ ಮುಖ ಬಿಳಿಚಿಕೊಂಡಿತು. "ಈ ಪೀಸ್ ಸ್ವೆನ್-ಎರಿಕ್‌ನ ಹೆಸರಿಗೆ ಬಿಟ್ಟುಕೊಡ್ತೀರಾ ಅಂತ ಜನವರಿಯಲ್ಲಿ ನಿಮ್ಮ ಮನೆಗೆ ಫೋನ್ ಮಾಡಿ ಕೇಳಿದ್ದೆ. ನೀವು ಒಪ್ಪಿದ್ದೀರಿ ಅಂತ ರಾಘವ್ ಹೇಳಿದರು."

ಪಾರ್ಕಿಂಗ್‌ನಲ್ಲಿ, ಅಮ್ಮ ಕಾರಿನೊಳಗೆ ಕೂತ ಮೇಲೆ, ರಾಘವ್‌ನನ್ನು ಕೇಳಿದೆ.

"ಗಂಡನ್ನ ಕಳ್ಕೊಂಡಿರೋಳ ವಿಷ್ಯ, ಹೆಂಗೆ ಇಲ್ಲ ಅನ್ಲಿ? ಇನ್ನೂ ವರ್ಕ್ ಪರ್ಮಿಟ್ ಮೇಲಿದೀವಿ, ಹಠ ಮಾಡೋ ಜನ ಅನ್ನಿಸ್ಕೋಬಾರ್ದು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕಾರ್ಯದಲ್ಲಿದ್ದೆ. ಆಮೇಲೆ… ಆಗ್ಲಿಲ್ಲ."

"ಅಮ್ಮಂಗೆ ಏನಂದೆ?"

"ಈಗ ಮಾವನ ಹೆಸರು ಹೇಳಿದ್ರು ಅಂದೆ. ಖುಷಿಪಟ್ರಲ್ಲ, ಬಿಡು."

ನಾಲ್ಕು ತಿಂಗಳು! ನಾನು ದಿನಾ ಅಡುಗೆಮನೆಯಲ್ಲಿ ಅಪ್ಪನ ಪಾರ್ಟ್ ನುಡಿಸುವಾಗ ಅಲ್ಲೇ ಕೂತು ಊಟ ಮಾಡುತ್ತಿದ್ದ. ನನ್ನ ಮೇಲ್ ತಿದ್ದಿಕೊಟ್ಟವನೂ ಇವನೇ. ಗೊತ್ತಿಲ್ಲದವನು ಮಾಡಿದ್ದರೆ ಕ್ಷಮಿಸಬಹುದಿತ್ತು.

೧೩ ಮೇ

ರಾಘವ್ ಹಾಲು ತರಲು ಹೋದಾಗ ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ.

"ಅವರ ಹೆಸರು ನಂಗೂ ಕೇಳಿಸ್ಲಿಲ್ಲ. ರಾಘವ್ ಹೇಳಿದ್ರಲ್ಲ, ನನ್ನ ಕಿವೀನೇ ಹೋಗಿದೆ ಅಂದ್ಕೊಂಡೆ."

ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನ ಪರ ಒಂದು ಮಾತಾದರೂ ಆಡುತ್ತಾಳೆ ಅಂತ ಕಾದೆ.

"ಅಳಿಯಂದ್ರಿಗೆ ಏನೂ ಅನ್ಬೇಡ. ನಂಗೆ ಗೊತ್ತಾಯ್ತು ಅಂತ್ಲೂ ತೋರಿಸ್ಕೋಬೇಡ. ಸಂಸಾರ ದೊಡ್ದು."

ಅವನು ಬಂದ. ಮೊದಲ ದೋಸೆ ಅವನಿಗೇ ಹಾಕಿದಳು. ತುಪ್ಪ ಜಾಸ್ತಿ.

೧೪ ಮೇ, ಸಂಜೆ ೬

ಮೈಸೂರಿನಿಂದ ಪದ್ಮಿನಿಯ ಫೋನ್. ಅಮ್ಮನೇ ಎತ್ತಿದಳು. ರಾಘವ್ ಸೋಫಾದಲ್ಲಿ.

"ಹೇಳಿದ್ರು ಕಣೇ! ಮೈಕಲ್ಲಿ, ಶಿವಕುಮಾರ ಅಂತ. ಏನ್ ಚಪ್ಪಾಳೆ ಅಂತೀಯಾ. ಅಳಿಯಂದ್ರೇ ಓಡಾಡಿ ಮಾಡ್ಸಿದ್ದು ಎಲ್ಲಾನೂ… ತಡಿ, ನಿವೇದಿತಾಗೆ ಕೊಡ್ತೀನಿ, ಅವಳೇ ಹೇಳ್ಲಿ."

ಫೋನ್ ನನ್ನ ಕೈಗಿಟ್ಟಳು. ಕೈ ಬಿಡಲಿಲ್ಲ, ಹಿಡಿದೇ ಇದ್ದಳು. ಆ ಕಡೆ ಪದ್ಮಿನಿ ಅಳುತ್ತಿದ್ದಳು. "ನಿಜವಾಗ್ಲೂ ಹೇಳಿದ್ರಾ, ನಿವಿ?"

ರಾಘವ್ ನನ್ನನ್ನೇ ನೋಡುತ್ತಿದ್ದ.

ಹ್ಞೂಂ, ಹೇಳಿದರು ಅಂದೆ.

"ಅವರ ಬಾಯಲ್ಲಿ ಅಪ್ಪನ ಹೆಸರು ಹೆಂಗೆ ಬಂತು? ಅವರ ಥರಾನೇ ಒಂದ್ಸಲ ಹೇಳಿ ತೋರ್ಸೇ."

ಲೆನ್ನಾರ್ಟ್‌ನ ದನಿ ಮಾಡಿದೆ. ಶಿವ…