ಉರಿಗಾಂ ಪ್ಲಾಟ್‌ಫಾರ್ಮಿನಲ್ಲಿ ಎತ್ತಿದ ಕೈ

ಅಯ್ಯನವರೇ,

ನಿಮ್ಮ ಜ್ಞಾನಪ್ಪ ಬರೆಯುತ್ತಿದ್ದೇನೆ. ಹೆಸರಿನಲ್ಲಿ ಮಾತ್ರ ಜ್ಞಾನ ಇರುವವನು ಅಂತ ಊರಿಗೆಲ್ಲ ಪರಿಚಯ ಮಾಡಿಸುತ್ತಿದ್ದಿರಲ್ಲ, ಅವನೇ. ನೀವೀಗಿರುವ ಪರಲೋಕದಲ್ಲಿ ಟಪಾಲು ಬಟವಾಡೆ ಇದೆಯೋ ಇಲ್ಲವೋ ಗೊತ್ತಿಲ್ಲ. ಇಲ್ಲಿದ್ದಾಗಲೇ ಬಂದ ಕಾಗದಗಳನ್ನು ಒಡೆಯದೆ ಬೈಬಲ್ ಒಳಗೆ ಸಿಕ್ಕಿಸಿ ಮರೆಯುತ್ತಿದ್ದಿರಿ, ಹಾಗಾಗಿ ಓದಲೇಬೇಕೆಂಬ ಬಲವಂತ ಇಲ್ಲ. ಆದರೆ ಈ ಸಲ ನಗುವ ಸಮಾಚಾರ ಇದೆ. ಉರಿಗಾಂ ಚರ್ಚಿಗೆ ತರಬೇತಿಗೆ ಬಂದಿರುವ ಒಬ್ಬ ಹೆಣ್ಣುಮಗಳು ಪಾಸ್ಟರ್ ಆಗಲು ಯೋಗ್ಯಳೋ ಅಲ್ಲವೋ ಎಂದು ಹಿರಿಯ ಪಾಸ್ಟರೊಬ್ಬರು ಬರೆದುಕೊಡಬೇಕಂತೆ. ಹುಡುಕಿ ಹುಡುಕಿ ಅವರಿಗೆ ಸಿಕ್ಕ ಹಿರಿಯ ನಾನು. ನಿವೃತ್ತನಾಗಿ ಬಂಗಾರಪೇಟೆಯಲ್ಲಿ ಸುಮ್ಮನೆ ಕೂತಿದ್ದವನು. ನಗು ಬಂತಾ?

ನಿಮ್ಮ ಹತ್ತಿರ ತರಬೇತಿಗೆ ಅಂತ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಾನು ಟ್ರಂಕು ಹಿಡಿದು ಇಳಿದ ಬೆಳಿಗ್ಗೆ ನೆನಪಿದೆಯಾ? ನೀವು ಸೈಕಲ್ ತಳ್ಳಿಕೊಂಡು ಬಂದಿರಿ. ಟ್ರಂಕನ್ನು ಕ್ಯಾರಿಯರ್ ಮೇಲೆ ಕೂರಿಸಿ ನನ್ನನ್ನು ನಡೆಸಿಕೊಂಡು ಹೊರಟಿರಿ.

"ಏನಾಗ್ಬೇಕು ಅಂತ ಬಂದಿದ್ದೀಯಪ್ಪಾ?"

"ಪಾಸ್ಟರ್ ಆಗ್ಬೇಕು ಅಂತ, ಅಯ್ಯಾ."

"ಯಾವತ್ತು ಆಗ್ತೀಯ?"

"ದೀಕ್ಷೆ ಕೊಟ್ಟ ದಿವ್ಸ."

"ಅವತ್ತು ಕಾಗ್ದ ಕೊಡ್ತಾರೆ ಕಣಪ್ಪಾ. ನಾನ್ ಕೇಳಿದ್ದು ಅದನ್ನಲ್ಲ."

ಕೇಳಿದ್ದು ಏನನ್ನು ಅಂತ ನೀವು ಹೇಳಲೇ ಇಲ್ಲ. ಮನೆ ಸೇರುವಷ್ಟರಲ್ಲಿ ದಾರಿಯ ಏಳು ಮನೆಗಳಿಗೆ ನುಗ್ಗಿದೆವು. ಒಂದರಲ್ಲಿ ಕಾಫಿ, ಒಂದರಲ್ಲಿ ಅತ್ತೆ ಸೊಸೆ ಜಗಳ, ಇನ್ನೊಂದರಲ್ಲಿ ಏನೂ ಮಾತಿಲ್ಲದೆ ಅರ್ಧ ಗಂಟೆ ಸುಮ್ಮನೆ ಕೂತದ್ದು. ಪಾದ ಸವೆಸಿದವನೇ ಪಾದ್ರಿ ಅಂತ ಅವತ್ತು ನಾನೊಂದು ಮಾತು ಹೊಸೆದೆ. ನೀವು ನಗಲಿಲ್ಲ. ಮುಂದಿನ ಭಾನುವಾರ ಅದನ್ನೇ ಚರ್ಚಿನ ಪ್ರಸಂಗದಲ್ಲಿ ನಿಮ್ಮ ಸ್ವಂತದ್ದು ಅನ್ನುವ ಹಾಗೆ ಹೇಳಿದಿರಿ. ಅದನ್ನು ನಾನಿನ್ನೂ ಕ್ಷಮಿಸಿಲ್ಲ.

ಇನ್ನೊಂದು ದಿನ, ಚರ್ಚಿನ ಹಿಂದಿನ ಕೋಣೆಯಲ್ಲಿ ನಿಮ್ಮ ಬಿಳಿ ನಿಲುವಂಗಿ ಹಾಕಿಕೊಂಡು ನಾನು ಸಿಕ್ಕಿಬಿದ್ದೆನಲ್ಲ. ದೀಕ್ಷೆ ಆಗದವರು ಪ್ರಸಂಗ ಮಾಡಬಹುದು, ಹಾಡಿಸಬಹುದು, ಪ್ರಾರ್ಥಿಸಬಹುದು. ಕೈ ಎತ್ತಿ ಆಶೀರ್ವಾದ ಕೊಡುವಂತಿಲ್ಲ. ಕೊಡಬಾರದು ಅಂದಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ಪ್ರಸಂಗಿ ಆಗುವುದಕ್ಕೆ ಮೊದಲೇ ಅಧಿಕಪ್ರಸಂಗಿ ಆದವನು ನಾನು. ನಿಮ್ಮ ಹಾಗೆಯೇ ಗಂಟಲು ಸರಿಮಾಡಿ, ಎರಡೂ ಕೈ ಎತ್ತಿ, ಒಟ್ಟಿದ್ದ ಮಡಚುವ ಕುರ್ಚಿಗಳಿಗೆಲ್ಲ ನಿಮ್ಮ ದನಿಯಲ್ಲಿ ಆಶೀರ್ವಾದ ಕೊಡುತ್ತಿದ್ದೆ. ನೀವು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಿರಿ. "ಕುರ್ಚಿಗಳಿಗೆ ಆಶೀರ್ವಾದ ಆಯ್ತಲ್ಲಪ್ಪಾ," ಅಂದಿರಿ, "ಈಗ ಅವನ್ನೆಲ್ಲ ಒರಗಡೆ ಸಾಲಾಗಿ ಆಕು." ಬೈದಿದ್ದರೆ ಮರೆಯುತ್ತಿದ್ದೆ.

ಬೂದಿಕೋಟೆಯ ಸಂಗತಿಗೆ ಬರುತ್ತೇನೆ. ನಿಮಗೆ ಜ್ವರ. ಚಾಪೆಯ ಮೇಲಿಂದಲೇ ಹೇಳಿದಿರಿ, "ಬೂದಿಕೋಟೆಗೆ ಓಗಿ ಬಾ. ವಯಸ್ಸಾದೋರು ಮಲ್ಗವ್ರೆ. ಮನೆ ಮುಂದೆ ಎರಡು ಎಮ್ಮೆ ಕಟ್ಟಿರ್ತಾರೆ." ಬೂದಿಕೋಟೆಯಲ್ಲಿ ಯಾರ ಮನೆಯ ಮುಂದೆ ಎಮ್ಮೆ ಇಲ್ಲ, ಅಯ್ಯನವರೇ? ಬಸ್ಸಿಳಿದು ಎರಡು ಎಮ್ಮೆ ಕಂಡ ಮೊದಲ ಮನೆಗೆ ನುಗ್ಗಿದೆ. ಸೊಸೆ ನನ್ನ ಬಿಳಿ ಬಟ್ಟೆ ನೋಡಿ, "ಬನ್ನಿ ಸಾಮಿ, ಒಳೀಕ್ ಬನ್ನಿ, ಮಾವ ಮೂರ್ ದಿನದಿಂದ ಗಂಜೀನೂ ಮುಟ್ಟಿಲ್ಲ," ಅಂದಳು. ಗಂಡ ಕಳಿಸಿದ್ದಾನೆ ಅಂತ ಅವಳು, ಹೆಂಡತಿ ಕರೆಸಿದ್ದಾಳೆ ಅಂತ ಒಳಗಿದ್ದ ಅವಳ ಗಂಡ ಅಂದುಕೊಂಡರು. ಮಂಚದ ಮೇಲೆ ಚೌಡಪ್ಪ ಎನ್ನುವ ಮುದುಕ. ನಾನು ಕಣ್ಣು ಮುಚ್ಚಿ ಆದಿಯಿಂದ ಪ್ರಾರ್ಥನೆ ಶುರುಮಾಡಿ, ಒಂದು ಸಲ ಮೆಲ್ಲಗೆ ಕಣ್ಣು ಬಿಟ್ಟರೆ ಎದುರು ಗೋಡೆಯ ಮೇಲೆ ಲಕ್ಷ್ಮೀಪಟ, ಅರಿಶಿನ, ಕುಂಕುಮ, ಆಗಷ್ಟೇ ಇಟ್ಟ ಹೂವು.

ನಿಲ್ಲಿಸಬೇಕೋ ಮುಂದುವರಿಸಬೇಕೋ ಅಂತ ನಾನು ಒದ್ದಾಡುತ್ತಿರುವಾಗ ಚೌಡಪ್ಪ ನನ್ನ ಬೆರಳು ಹಿಡಿದುಕೊಂಡ. "ನೀವ್ ಯಾವ ಸಾಮಿನೋ ನಂಗೊತ್ತಿಲ್ಲ. ಬಂದ್ರಲ್ಲ, ಅಷ್ಟ್ ಸಾಕು. ತಲೆ ಮ್ಯಾಲೆ ಕೈ ಇಕ್ಕಿ." ನನ್ನ ಬಾಯಲ್ಲಿ ಒಂದೂ ತಮಾಷೆ ಹುಟ್ಟಲಿಲ್ಲ. ಕುರ್ಚಿಗಳ ಮುಂದೆ ಅಷ್ಟು ಸಲೀಸಾಗಿ ಎದ್ದಿದ್ದ ಕೈ ಅಲ್ಲಿ ಭಾರವಾಯಿತು. ಆದರೂ ಎತ್ತಿದೆ. ಪೂರ್ತಿ ಆಶೀರ್ವಾದ ಕೊಟ್ಟೆ. ನಿಮ್ಮ ದನಿಯಲ್ಲಲ್ಲ, ನನ್ನದರಲ್ಲೇ. ಒಡೆದ ದನಿ, ನಡುವೆ ಕೆಮ್ಮು ಬೇರೆ. ಆಮೇಲೆ ವಿಚಾರಿಸಿಕೊಂಡು ಎರಡು ಬೀದಿ ಆಚೆಯ ನಿಜವಾದ ಮನೆಗೆ ಹೋದರೆ, ನಮ್ಮ ಚರ್ಚಿನ ಸಭೆಯ ಸಾರಮ್ಮಜ್ಜಿ ಕಾದು ಕೆಂಡವಾಗಿದ್ದಳು. "ಬೆಳಗ್ಗಿಂದ ಸಾಯೋದನ್ನೂ ಮುಂದಕ್ಕಾಕ್ಕೊಂಡು ಕುಂತಿವ್ನಿ. ಎಲ್ ಸತ್ತೋಗಿದ್ಯಪ್ಪಾ?" ಅಜ್ಜಿ ಆಮೇಲೆ ಒಂಬತ್ತು ವರ್ಷ ಬದುಕಿದಳು ಅನ್ನುವುದು ನಿಮಗೂ ಗೊತ್ತು.

ಎರಡು ತಿಂಗಳ ಮೇಲೆ ಚೌಡಪ್ಪ ಮಗನ ಜೊತೆ ಹಾಲಿನ ಕ್ಯಾನು ಹೊತ್ತು ನಮ್ಮ ಚರ್ಚಿನ ಗೇಟಿಗೆ ಬಂದ ದಿನ ನೀವು ಮೆಟ್ಟಿಲ ಮೇಲೆ ನಿಂತಿದ್ದಿರಿ. "ಕೈ ಇಕ್ಕಿದ ಅಯ್ಯ ಎಲ್ಲವ್ರೆ?" ಅವನು ಗುಣವಾದದ್ದು ಬಂಗಾರಪೇಟೆ ಡಾಕ್ಟರ ಮಾತ್ರೆಯಿಂದ, ಹೆಸರು ಬಂದದ್ದು ನನ್ನ ಕೈಗೆ. ಚರ್ಚಿನ ಕಮಿಟಿಯವರು ಕಿವಿ ನಿಮಿರಿಸಿದರು. ನೀವು "ನಾನೇ ಕಳ್ಸಿದ್ದು" ಅಂದು ಅವರ ಬಾಯಿ ಮುಚ್ಚಿಸಿದಿರಿ. ಒಳಗೆ ಕರೆದು ನನ್ನನ್ನು ಕೇಳಿದಿರಿ.

"ಕೈ ಎತ್ತಿದ್ಯಾ?"

"ಎತ್ತಿದೆ ಅಯ್ಯಾ."

"ಎತ್ತುವಾಗ ನಗು ಬಂತಾ?"

"ಇಲ್ಲ ಅಯ್ಯಾ."

"ಸರಿ, ಓಗು."

ಆ ವಾರವೇ ನೀವು ನನ್ನ ಬಗ್ಗೆ ಮೇಲಿನವರಿಗೆ ಬರೆದುಕೊಟ್ಟಿರಿ, ನನಗೆ ದೀಕ್ಷೆಯೂ ಆಯಿತು. ಏನು ಬರೆದಿರಿ? ಎಷ್ಟು ಸಲ ಕೇಳಿದೆ, ಪ್ರತಿ ಸಲವೂ ನಿಮಗೆ ಕಾಫಿ ನೆನಪಾಗುತ್ತಿತ್ತು. ಅದು ಗೊತ್ತಿದ್ದರೆ ಈ ಸಲ ನಾನು ಅದನ್ನೇ ನಕಲು ಮಾಡಿ...

ಈಗ ಈ ಹೆಣ್ಣುಮಗಳ ಕಥೆ ಕೇಳಿ. ಹೆಸರು ಕೃಪಾ. ಮೊದಲು ಲೆಕ್ಕದ ಟ್ಯೂಷನ್ ಹೇಳುತ್ತಿದ್ದಳು. ಚಿನ್ನದ ಮೈನ್ಸ್ ಮುಚ್ಚಿದ ಮೇಲೆ ಉರಿಗಾಂ ಜನ ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರು ಟ್ರೈನು ಹತ್ತುತ್ತಾರೆ, ದೀಪ ಹಚ್ಚುವಾಗ ಬರುತ್ತಾರೆ. ಮನೆ ಮನೆ ತಿರುಗಿದರೆ ಬೀಗ ಮಾತ್ರ ಸಿಗುತ್ತದೆ. ಅದಕ್ಕೆ ಅವಳು ಬೆಳಿಗ್ಗೆ ಪ್ಲಾಟ್‌ಫಾರ್ಮಿಗೇ ಹೋಗಿ ನಿಲ್ಲುತ್ತಾಳೆ. ಯಾರ ಮಗುವಿಗೆ ಜ್ವರ, ಯಾರ ಗಂಡ ಕುಡಿದ, ಎಲ್ಲ ಅಲ್ಲೇ. ಜನರಿಗೆ ಅವಳನ್ನು ಏನಂತ ಕರೆಯಬೇಕೋ ತಿಳಿಯದು. ಅಕ್ಕ, ಟೀಚರ್, ಮೇಡಂ, ಸಿಸ್ಟರ್. ಪಾಸ್ಟರ ಹೆಂಡತಿಗೆ ಅಮ್ಮನವರು ಅನ್ನುತ್ತೇವೆ. ಅಮ್ಮನವರೇ ಅಯ್ಯನವರಾದರೆ ಅವರ ಗಂಡನಿಗೆ ಏನನ್ನಬೇಕು? ಕೃಪಾಳ ಗಂಡ ಆಟೋ ಓಡಿಸುತ್ತಾನೆ. ಅವನನ್ನೇ ಕೇಳಿದೆ. "ಆಟೋ ಅಂತ ಕರೀರಿ ಅಯ್ಯಾ, ನಿಲ್ಲಿಸ್ತೀನಿ," ಅಂದ. ನನಗೆ ಸರಿಜೋಡಿ.

ಒಂದು ಬೆಳಿಗ್ಗೆ ಸೆಲ್ವಿ ಅನ್ನುವ ಗಾರ್ಮೆಂಟ್ಸ್ ಹೆಂಗಸು ಆಪರೇಷನ್ನಿಗೆ ಅಂತ ಬೆಂಗಳೂರಿಗೆ ಹೊರಟಿದ್ದಳಂತೆ, ಒಬ್ಬಳೇ. ರೈಲಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ಇಳಿದು ಬಂದು, "ಅಕ್ಕಾ, ಭಯ ಆಯ್ತದೆ, ಚರ್ಚಲ್ಲಿ ಅಯ್ಯ ಕೈ ಎತ್ತಿ ಕಳಿಸ್ತಾರಲ್ಲ, ಅಂಗೆ ಕಳ್ಸು," ಅಂದಳು. ಕೃಪಾ ಕೈ ಎತ್ತಿದಳು. ಅದೇ ಗಳಿಗೆಗೆ ಸರಿಯಾಗಿ ರೈಲು ಹಾರ್ನ್ ಹೊಡೆದು ಅಲ್ಲಾಡಿತು. ಮೂರೇ ದಿನದಲ್ಲಿ ಊರೆಲ್ಲ ಸುದ್ದಿ, ಚರ್ಚಿನ ಅಕ್ಕ ಕೈ ಎತ್ತದೆ ರೈಲು ಹೊರಡುವುದಿಲ್ಲ ಅಂತ. ಈ ಸುದ್ದಿಗೆ ಎರಡು ಬೋಗಿ ಹೆಚ್ಚಿಗೆ ಸೇರಿಸಿದವನು ನಾನೇ, ಒಪ್ಪಿಕೊಳ್ಳುತ್ತೇನೆ. ಆದರೆ ಆ ರೈಲಿನಲ್ಲೇ ಸಭೆಯ ಸೆಕ್ರೆಟರಿ ಅರುಳಪ್ಪ ಕೂತಿದ್ದರು. ತಮಿಳಿನಲ್ಲಿ ಅರುಳ್ ಅಂದರೂ ಕೃಪೆಯೇ. ಈ ಕೃಪೆಗೂ ಆ ಕೃಪೆಗೂ ಆಗಿಬರಲಿಲ್ಲ. ದೀಕ್ಷೆಗೆ ಮೊದಲು ಕೈ ಎತ್ತಿದ್ದು ತಪ್ಪು ಅಂತ ಅವಳು ಬರೆದುಕೊಡಬೇಕು, ಇಲ್ಲದಿದ್ದರೆ ದೀಕ್ಷೆ ಇಲ್ಲ ಅಂದುಬಿಟ್ಟರು.

ಕೃಪಾ ನನ್ನ ಮನೆಗೆ ಬಂದ ಸಂಜೆ ನಾನು ಕಡ್ಲೆಕಾಯಿ ಬಿಡಿಸುತ್ತಿದ್ದೆ. ಅವಳೂ ಕೂತು ಬಿಡಿಸತೊಡಗಿದಳು.

"ಬರ್ಕೊಡಲ್ಲ ಅಯ್ಯಾ. ಸೆಲ್ವಿಯಕ್ಕನ್ನ ಸುಮ್ನೆ ಹತ್ಸಿ ಕಳಿಸಿದ್ರೆ ಅದು ತಪ್ಪಾಗ್ತಿತ್ತು. ವಾಪಸ್ ಟ್ಯೂಷನ್‌ಗೇ ಹೋಗ್ತೀನಿ. ನಾನ್ ಪಾಸ್ಟರೋ ಅಲ್ವೋ ಅಂತ ನಂಗೇ ಗೊತ್ತಿಲ್ಲ." ಇನ್ನೊಂದು ಕಡ್ಲೆಕಾಯಿ ಒಡೆದು ಕೇಳಿದಳು, "ನಿಮಗೆ ಯಾವತ್ತು ಗೊತ್ತಾಯ್ತು?"

ನಿಮ್ಮನ್ನು ಬಿಟ್ಟು ಯಾರಿಗೂ ಹೇಳದ ಬೂದಿಕೋಟೆಯನ್ನು ಅವಳಿಗೆ ಹೇಳಿದೆ.

"ಹಾಗಾದ್ರೆ ಅವತ್ತು ಗೊತ್ತಾಯ್ತಾ?"

"ಅವತ್ತು ಹೆದರಿಕೆ ಆಯ್ತಮ್ಮಾ. ಜನ ಬಾಗಿಲು ತೆಗೆದು ಅಯ್ಯಾ ಅಂದಾಗಲೆಲ್ಲ ಚೂರು ಚೂರು ಆಗ್ತಾ ಬಂದೆ. ಇನ್ನೂ ಪೂರ್ತಿ ಆಗಿಲ್ಲ. ಅಷ್ಟರಲ್ಲಿ ರಿಟೈರ್ ಮಾಡಿಬಿಟ್ರು."

ಅವಳು ನಕ್ಕಳು. ಬಿಡಿಸಿದ ಕಡ್ಲೆಕಾಯಿಯನ್ನೆಲ್ಲ ತಿಂದು ಹೋದಳು.

ಕಮಿಟಿ ಸೇರಿದ ದಿನ ನೀವಿರಬೇಕಿತ್ತು. ಕಮಿಟಿ ಅಂದರೆ ಕಮ್ಮಿ ಟೀ, ಅರ್ಧ ಲೋಟ ಕೊಟ್ಟು ಎರಡು ಗಂಟೆ ಮಾತಾಡುತ್ತಾರೆ. ನಾನು ಎದ್ದು ನಿಂತು, "ನಾನೂ ದೀಕ್ಷೆಗೆ ಮುಂಚೆ ಕೈ ಎತ್ತಿದ್ದೆ, ಅದೂ ತಪ್ಪು ಮನೆಯಲ್ಲಿ," ಅಂದೆ. ನಡೆದದ್ದನ್ನೆಲ್ಲ ಹೇಳಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ ತಮಾಷೆ ಇಲ್ಲದೆ ಮಾತಾಡುತ್ತಿದ್ದೆ. ಹೇಳಿದ ಮೇಲೆ ಕಮಿಟಿಯವರು ನನ್ನ ಅಯ್ಯತನವನ್ನೇ ಕಿತ್ತುಕೊಂಡರೆ? ಅದು ಹೋದರೆ ನನ್ನ ಹತ್ತಿರ ಉಳಿಯುವುದೇನು, ನಾಲ್ಕು ಹಳೇ ಜೋಕು.

ಅರುಳಪ್ಪ ಕನ್ನಡಕ ತೆಗೆದರು. "ಅಯ್ಯಾ, ಅದು ಆವತ್ತಿನ ಕಾಲ. ರೂಲ್ಸು ಅಂದ್ರೆ ರೂಲ್ಸು."

"ಸರಿಯಪ್ಪಾ. ಹಂಗಾದ್ರೆ ತಪ್ಪು ಬರ್ಕೊಡಬೇಕಾದೋನು ಮೊದ್ಲು ನಾನು. ನನಗೆ ದೀಕ್ಷೆ ಕೊಟ್ಟಿದ್ದೇ ಸರಿಯಿಲ್ಲ ಅಂದ್ಮೇಲೆ ನಾನು ಮಾಡ್ಸಿದ ಮದುವೆಗಳನ್ನೂ ನೋಡ್ಬೇಕಾಗ್ತದೆ. ನಿಮ್ಮದೂ ನಾನೇ ಮಾಡ್ಸಿದ್ದು."

ಅರುಳಪ್ಪನವರ ಹೆಂಡತಿ ಗ್ರೇಸಮ್ಮ, ಮಹಿಳಾ ಸಂಘದ ಅಧ್ಯಕ್ಷೆ, ಹಿಂದಿನ ಕುರ್ಚಿಯಿಂದ ಹೇಳಿದರು, "ನೋಡಿ ಅಯ್ಯಾ. ಅರ್ಜೆಂಟಿಲ್ಲ, ನಿಧಾನಕ್ಕೇ ನೋಡಿ."

ಇಡೀ ಕಮಿಟಿ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಅರುಳಪ್ಪನವರೂ ನಕ್ಕರು, ಕಷ್ಟಪಟ್ಟು. ಕೃಪಾ ಏನೂ ಬರೆದುಕೊಡುವುದು ಬೇಡ ಅಂತಾಯಿತು. ನಾನು ಮಾತ್ರ ಅಲ್ಲೇ ಕೂತು ಬರೆದೆ, ಒಂದೇ ಸಾಲು: "ಕರೆದವರ ಬಳಿ ಹೋಗುತ್ತಾಳೆ, ಕರೆಯದವರ ಬಳಿಗೂ ಹೋಗುತ್ತಾಳೆ, ದೀಕ್ಷೆ ಕೊಡಿ." ನಿಮ್ಮದು ಇದಕ್ಕಿಂತ ಉದ್ದ ಇತ್ತೋ?

ಮೊನ್ನೆ ಸೋಮವಾರ ಬೆಳಿಗ್ಗೆ ನಾನೂ ಅವಳ ಜೊತೆ ಉರಿಗಾಂ ಪ್ಲಾಟ್‌ಫಾರ್ಮಿನಲ್ಲಿದ್ದೆ. ಸೆಲ್ವಿ ಗುಣವಾಗಿ ಬಂದು ಸ್ವೆಟರ್ ಹಾಕಿಕೊಂಡು ಹೆಂಗಸರ ಗುಂಪಿನಲ್ಲಿ ಜೋರಾಗಿ ಮಾತಾಡುತ್ತಿದ್ದಳು. ಅರುಳಪ್ಪ ಬಂದರು. ಕಣ್ಣಿನ ಆಪರೇಷನ್ನಿಗೆ ಬೆಂಗಳೂರಿಗೆ ಹೊರಟಿದ್ದರು, ಗ್ರೇಸಮ್ಮ ಬ್ಯಾಗು ಹಿಡಿದು ಹಿಂದೆ. ಕೃಪಾಳ ಮುಂದೆ ನಿಂತು ಮಫ್ಲರ್ ಬಿಚ್ಚಿದರು, ತಲೆ ಬಗ್ಗಿಸಿದರು.

"ದೀಕ್ಷೆಗೆ ಇನ್ನೂ ಹದಿನೈದು ದಿನ ಬಾಕಿ ಐತೆ ಅಣ್ಣಾ," ಅಂದಳು ಕೃಪಾ. "ರೂಲ್ಸು."

ಅವರ ಮುಖ ನೀವು ನೋಡಬೇಕಿತ್ತು. ಅವಳು ಕೈ ಎತ್ತಲಿಲ್ಲ. ಅವರ ಎರಡೂ ಕೈ ಹಿಡಿದುಕೊಂಡು, ಪಕ್ಕದಲ್ಲಿದ್ದ ನನಗೂ ಕೇಳಿಸದಷ್ಟು ಮೆಲ್ಲಗೆ ಪ್ರಾರ್ಥನೆ ಮಾಡಿದಳು. ಮಫ್ಲರನ್ನು ಕಿವಿ ಮುಚ್ಚುವ ಹಾಗೆ ಸುತ್ತಿ ಒಳಗೆ ಕೂರಿಸಿ ಬಂದಳು. ಅರುಳಪ್ಪ ಕಿಟಕಿಯಿಂದ ಕೈ ಬೀಸಿ, "ಬತ್ತೀನಿ ಅಯ್ಯಾ," ಅಂದರು. ನನಗೇ ಹೇಳಿದ್ದು ಅಂತ ನಾನೂ ಕೈ ಬೀಸಿದೆ. ಅವರು ನೋಡುತ್ತಿದ್ದದ್ದು ಕೃಪಾಳನ್ನು.

ಅವಳು ಅದನ್ನು ಗಮನಿಸಿದಳೋ ಇಲ್ಲವೋ. ಸೆರಗು ಸಿಕ್ಕಿಸಿಕೊಂಡು, "ಬನ್ನಿ ಅಯ್ಯಾ, ಇವತ್ತು ಬೇತಮಂಗಲದ ಕಡೆ ಐದು ಮನೆ ಅವೆ," ಅಂದು ನಡೆದೇಬಿಟ್ಟಳು, ಹಿಂದೆ ತಿರುಗದೆ. ನನ್ನ ಕಾಲಿಗೆ ಆ ವೇಗ ಹಿಡಿಯಲಾಗಲಿಲ್ಲ.

ನಿಮ್ಮ,
ಜ್ಞಾನಪ್ಪ